ಎಣ್ಣೆ ಬದಲಿಸುವ ಮೊದಲು ಕಾರಣ ಹುಡುಕೋಣ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೂದಲಿನ ಬಗ್ಗೆಯೇ ಇವೆ. ಹಾಗಾಗಿ ಚರ್ಮದ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಬರೆದವರಲ್ಲಿ ಬಹಳ ಮಂದಿ ಕೇಳಿರುವುದು ಒಂದೇ: ಯಾವ ಎಣ್ಣೆ ಹಚ್ಚಲಿ, ಯಾವ ಶಾಂಪೂ ಹಾಕಲಿ? ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಬರುವವರೂ ಕುರ್ಚಿಯಲ್ಲಿ ಕೂರುವ ಮೊದಲೇ ಇದನ್ನೇ ಕೇಳುತ್ತಾರೆ. ಆದರೆ ಕೂದಲು ಉದುರುವುದು ಒಂದೇ ಕಾಯಿಲೆಯಲ್ಲ. ಕೆಲವು ತಾನಾಗಿ ನಿಲ್ಲುತ್ತವೆ. ಕೆಲವಕ್ಕೆ ವರ್ಷಗಟ್ಟಲೆ ಔಷಧಿ ಬೇಕು. ಯಾವುದು ಅಂತ ನೋಡದೆ ಬಾಟಲಿ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮೂರು ತಿಂಗಳ ಹಿಂದೆ ಮನೆ ಬದಲಿಸಿದೆವು. ಇಲ್ಲಿ ಬರೀ ಬೋರ್ ನೀರು. ಬಂದ ವಾರದಲ್ಲೇ ನನಗೆ ಡೆಂಗಿ ಆಗಿ ಆಸ್ಪತ್ರೆ ಸೇರಿದ್ದೆ. ಈಗ ಆರಾಮಾಗಿದ್ದೇನೆ. ಆದರೆ ಬಾಚಿದರೆ ಕೂದಲು ಹಿಡಿ ಹಿಡಿಯಾಗಿ, ಬೇರು ಸಮೇತ ಬರುತ್ತಿದೆ. ನೀರಿಗೆ ಫಿಲ್ಟರ್ ಹಾಕಿಸಿದ್ದೇವೆ. ಆದರೂ ಕಡಿಮೆಯಾಗಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.
(ಹೆಸರು ಬೇಡ, ಚಿತ್ರದುರ್ಗ)

ಉತ್ತರ: ನೋಡಿ ತಾಯಿ, ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀರಲ್ಲ, ಜ್ವರ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಅದರಲ್ಲಿ ಹೆಚ್ಚಿನವು ಬೆಳೆಯುತ್ತಿರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು, ಬಿದ್ದುಹೋಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಬೀಳುವುದು ಸಹಜ. ಡೆಂಗಿ, ಟೈಫಾಯಿಡ್, ಚಿಕೂನ್‌ಗುನ್ಯಾದಂಥ ಜ್ವರ ಬಂದಾಗ ದೇಹ ತನ್ನ ಶಕ್ತಿಯನ್ನೆಲ್ಲ ಪ್ರಾಣ ಉಳಿಸಿಕೊಳ್ಳಲು ಬಳಸುತ್ತದೆ. ಆಗ ಬೆಳೆಯುತ್ತಿದ್ದ ಎಷ್ಟೋ ಕೂದಲುಗಳು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆ ಕೂಡಲೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು ಎಲ್ಲವೂ ಒಟ್ಟಿಗೆ ಬೀಳುತ್ತವೆ. ಅಷ್ಟರಲ್ಲಿ ಜ್ವರ ಬಂದಿದ್ದೇ ಮರೆತಿರುತ್ತದೆ. ಎದುರಿಗೆ ಕಾಣುವ ನೀರು, ಶಾಂಪೂ, ಊರು ಎಲ್ಲದರ ಮೇಲೂ ಅನುಮಾನ ಬರುತ್ತದೆ. ಹೆರಿಗೆ, ಆಪರೇಷನ್, ಊಟ ಬಿಟ್ಟು ಮಾಡುವ ಡಯಟ್ ಆದ ಮೇಲೂ ಹೀಗೇ ಆಗುತ್ತದೆ. ಅದಕ್ಕೇ ಕೂದಲು ಉದುರುತ್ತಿದೆ ಅಂತ ಬಂದ ಎಲ್ಲರಿಗೂ ನಾನು ಕೇಳುವ ಮೊದಲ ಪ್ರಶ್ನೆ: ಮೂರು ತಿಂಗಳ ಹಿಂದೆ ಏನಾಗಿತ್ತು?

ಬೇರು ಸಮೇತ ಬರುತ್ತಿದೆ ಅಂದಿರಿ. ಉದುರಿದ ಕೂದಲಿನ ತುದಿಯಲ್ಲಿ ಕಾಣುವ ಸಣ್ಣ ಬಿಳಿ ಚುಕ್ಕೆ ಬೇರಲ್ಲ. ವಿಶ್ರಾಂತಿ ಮುಗಿಸಿ ಬಿದ್ದ ಕೂದಲಿಗೆಲ್ಲ ಆ ಚುಕ್ಕೆ ಇರುತ್ತದೆ. ಬೇರು ಚರ್ಮದ ಒಳಗೆ ಹಾಗೇ ಉಳಿದಿದೆ. ಹೊಸ ಹಲ್ಲು ಹಾಲುಹಲ್ಲನ್ನು ತಳ್ಳಿದ ಹಾಗೆ ಕೆಳಗಿನಿಂದ ಹೊಸ ಕೂದಲು ಬರುತ್ತಿದೆ. ಹಣೆಯ ಅಂಚಿನಲ್ಲಿ ಕನ್ನಡಿ ಹಿಡಿದು ನೋಡಿ. ಇನ್ನೊಂದೆರಡು ತಿಂಗಳಲ್ಲಿ ಗಿಡ್ಡ ಗಿಡ್ಡ ಕೂದಲು ನೆಟ್ಟಗೆ ನಿಂತಿರುವುದು ಕಾಣಿಸುತ್ತದೆ.

ಬೋರ್ ನೀರಿನ ವಿಷಯಕ್ಕೂ ಇದೇ ಚುಕ್ಕೆ ಉತ್ತರ ಹೇಳುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಅದನ್ನು ಒರಟು ಮಾಡುತ್ತವೆ. ಒರಟಾದ ಕೂದಲು ನಡುವೆ ತುಂಡಾಗುತ್ತದೆ. ಬಾಚಣಿಗೆಯಲ್ಲಿ ಚುಕ್ಕೆಯಿಲ್ಲದ ಗಿಡ್ಡ ತುಂಡುಗಳು ಸಿಕ್ಕರೆ ಅದು ನೀರಿನದ್ದೋ ಸ್ಟ್ರೇಟ್‌ನಿಂಗ್‌ದೋ ಕೆಲಸ. ಉದ್ದ ಕೂದಲು, ತುದಿಯಲ್ಲಿ ಚುಕ್ಕೆ ಇದ್ದರೆ ಕಾರಣ ದೇಹದ ಒಳಗಿದೆ.

ಈ ಉದುರುವಿಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಜ್ವರ ಬಂದ ಮೇಲೆ ಬರೀ ಗಂಜಿ, ಬ್ರೆಡ್ಡಿನಲ್ಲಿ ಇದ್ದುಬಿಟ್ಟಿದ್ದರೆ ಈಗ ಹೊಟ್ಟೆ ತುಂಬ ಊಟ ಮಾಡಿ. ಬೇಳೆ, ಮೊಳಕೆ ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಒಂದಡಿ ಉದ್ದದ ಜಡೆ ಮೊದಲಿನಷ್ಟೇ ದಪ್ಪ ಆಗಲು ಎರಡೂವರೆ ವರ್ಷ ಬೇಕು. ಅಲ್ಲಿಯವರೆಗೆ ಜಡೆ ತೆಳುವಾಗಿ ಕಂಡರೆ ಹೆದರಬೇಡಿ. ಇವತ್ತು ರಾತ್ರಿ ನೀವು ನಿದ್ದೆ ಮಾಡಬೇಕು ಅನ್ನುವುದು ನನ್ನ ಆಸೆ.

ಪ್ರಶ್ನೆ: ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಯೇ?
(ಓದುಗರು, ಕೊಪ್ಪಳ)

ಉತ್ತರ: ಇಲ್ಲ. ಬ್ಲೇಡು ಮುಟ್ಟುವುದು ಚರ್ಮದ ಮೇಲಿನ ಕೂದಲನ್ನು ಮಾತ್ರ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ, ಅಷ್ಟೇ. ತಿರುಪತಿಗೋ ಧರ್ಮಸ್ಥಳಕ್ಕೋ ಹರಕೆ ಇದ್ದರೆ ಖಂಡಿತ ಮುಡಿ ಕೊಡಿ. ಕೂದಲು ಜಾಸ್ತಿಯಾಗಲಿ ಅಂತ ಮಕ್ಕಳ ತಲೆಯನ್ನು ಮತ್ತೆ ಮತ್ತೆ ಬೋಳಿಸಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 23. ಬೆಂಗಳೂರಿನಲ್ಲಿ ಕೆಲಸ. ಹಣೆಯ ಎರಡೂ ಬದಿ ಖಾಲಿಯಾಗಿದೆ, ನೆತ್ತಿಯೂ ತೆಳುವಾಗುತ್ತಿದೆ. ಅಪ್ಪನಿಗೆ ಒಳ್ಳೆ ಕೂದಲಿದೆ, ಸೋದರಮಾವ ಬೋಳು. ದಿನಾ ಹೆಲ್ಮೆಟ್ ಹಾಕುತ್ತೇನೆ, ಬಿಡಬೇಕಾ? ಆನ್‌ಲೈನ್‌ನಲ್ಲಿ ಆದಿವಾಸಿ ಎಣ್ಣೆ ತರಿಸಿದೆ. ಆಮೇಲೆ ಮಿನಾಕ್ಸಿಡಿಲ್ ಹಚ್ಚಿದೆ, ಮೂರು ವಾರಕ್ಕೆ ಇನ್ನೂ ಜಾಸ್ತಿ ಉದುರಿತು, ಬಿಟ್ಟೆ. ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. ಅಷ್ಟರೊಳಗೆ ಕೂದಲು ನಾಟಿ ಮಾಡಿಸಿಕೊಳ್ಳಲಾ?
(ಹೆಸರು ಬೇಡ, ಬೆಂಗಳೂರು)

ಉತ್ತರ: ತಮ್ಮಾ, ಮೊದಲು ಹೆಲ್ಮೆಟ್. ಅದರಿಂದ ಬೋಳು ಬರುವುದಿಲ್ಲ. ದಯವಿಟ್ಟು ಬಿಡಬೇಡ. ಒಳಗೆ ತೆಳ್ಳನೆಯ ಹತ್ತಿ ಬಟ್ಟೆ ಕಟ್ಟಿಕೋ, ಅದನ್ನು ದಿನಾ ಒಗೆ.

ನಿನ್ನದು ವಂಶದಿಂದ ಬರುವ ಉದುರುವಿಕೆ. ಇದು ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ ಬರಬಹುದು. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರೋನ್ ದೇಹದಲ್ಲಿ ಡಿಎಚ್‌ಟಿ ಅನ್ನುವ ರೂಪಕ್ಕೆ ಬದಲಾಗುತ್ತದೆ. ಹಣೆ ಮತ್ತು ನೆತ್ತಿಯ ಬೇರುಗಳು ಅದಕ್ಕೆ ಸೂಕ್ಷ್ಮವಾಗಿದ್ದರೆ, ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣದಾಗುತ್ತಾ ಹೋಗುತ್ತದೆ. ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾಗುತ್ತದೆ. ತಲೆಯ ಹಿಂಭಾಗದ ಬೇರುಗಳಿಗೆ ಈ ಸೂಕ್ಷ್ಮತೆ ಇರುವುದಿಲ್ಲ. ಅದಕ್ಕೇ ಬೋಳಾದವರಿಗೂ ಅಲ್ಲಿ ಕೂದಲು ಉಳಿದಿರುತ್ತದೆ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಮಾಡುವ ಎಣ್ಣೆಯನ್ನು ನೀನು ತರಿಸಿರಬಹುದು. ಅವರ ದುಡಿಮೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಎಣ್ಣೆ ಯಾವುದೇ ಆಗಲಿ, ನಮ್ಮ ಮನೆಯ ಕೊಬ್ಬರಿ ಎಣ್ಣೆಯೇ ಆಗಲಿ, ಅದು ಕೂದಲನ್ನು ನಯವಾಗಿ ಇಡುತ್ತದೆ, ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ಡಿಎಚ್‌ಟಿಯಿಂದ ಕುಗ್ಗಿದ ಬೇರನ್ನು ಮೊದಲಿನ ಹಾಗೆ ಮಾಡಲು ಎಣ್ಣೆಯನ್ನು ನಂಬಿ ಕೂರಬೇಡ. ನಿನಗೆ ಸಮಯ ಮುಖ್ಯ. ಬೇರು ಪೂರ್ತಿ ಸೋಲುವ ಮುಂಚೆ ಔಷಧಿ ಶುರು ಮಾಡಿದರೆ ಉಳಿಸಿಕೊಳ್ಳುವುದು ಸುಲಭ.

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದಿದ್ದನ್ನು ನೋಡಿ ಅದನ್ನು ತಲೆಗೆ ಹಚ್ಚುವ ಔಷಧಿಯಾಗಿ ಮಾಡಿದರು. ಅಮೆರಿಕದಲ್ಲಿ ಇದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ನೀನು ಅದನ್ನು ಬಿಟ್ಟಿದ್ದು ಎಲ್ಲರೂ ಬಿಡುವ ಹೊತ್ತಿನಲ್ಲಿ. ಮೊದಲ ಒಂದೆರಡು ತಿಂಗಳು ಹಳೆ ಕೂದಲು ಬೇಗ ಬೇಗ ಉದುರುತ್ತದೆ, ಏಕೆಂದರೆ ಹೊಸದು ಬೆಳೆಯಲು ಹೊರಟಿರುತ್ತದೆ. ಈ ಮಾತನ್ನು ಕೆಲವು ಅಂಗಡಿಯವರು ಹೇಳುವುದೇ ಇಲ್ಲ. ಅದು ನನಗೆ ಬೇಸರದ ವಿಷಯ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಒಣಗಿದ ತಲೆಗೆ, ಕೂದಲಿಗಲ್ಲ, ಚರ್ಮಕ್ಕೆ ತಾಗುವ ಹಾಗೆ ಹಚ್ಚಬೇಕು. ಹಚ್ಚಿ ಕೈ ತೊಳೆದುಕೋ. ಮನೆಯಲ್ಲಿ ಬೆಕ್ಕಿದ್ದರೆ ಅದು ನೆಕ್ಕದಂತೆ ನೋಡಿಕೋ, ಬೆಕ್ಕಿಗೆ ಇದು ವಿಷ. ಔಷಧಿ ನಿಲ್ಲಿಸಿದರೆ ಅದರಿಂದ ಬಂದ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ. ಶುರು ಮಾಡುವ ಮೊದಲೇ ಇದು ಗೊತ್ತಿರಲಿ.

ಇನ್ನೊಂದು ಫಿನಾಸ್ಟರೈಡ್. ದಿನಕ್ಕೆ 1 ಮಿಲಿಗ್ರಾಂ ಮಾತ್ರೆ. ಡಿಎಚ್‌ಟಿ ಆಗುವುದನ್ನೇ ತಡೆಯುತ್ತದೆ. ಹೆಚ್ಚಿನ ಗಂಡಸರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ವಲ್ಪ ಜನರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ನಿಮಿರುವಿಕೆಯಲ್ಲಿ ತೊಂದರೆ ಆಗಬಹುದು, ಮನಸ್ಸು ಕುಗ್ಗಬಹುದು. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿಟ್ಟ ಮೇಲೂ ಉಳಿಯಿತು ಅಂದವರೂ ಇದ್ದಾರೆ. ಇದನ್ನು ಯಾರೋ ಕಳಿಸಿದ ಕಿಟ್‌ನಿಂದ ತೆಗೆದು ನುಂಗಬೇಡ. ಡಾಕ್ಟರ ಎದುರು ಕೂತು, ಮದುವೆ, ಮಕ್ಕಳ ಯೋಚನೆ ಎಲ್ಲ ಹೇಳಿ, ಆಮೇಲೆ ತೀರ್ಮಾನ ಮಾಡು. ನಾಚಿಕೆ ಬೇಡ, ನಾವು ಇದನ್ನು ದಿನಾ ಮಾತಾಡುತ್ತೇವೆ.

ನಾಟಿ ಈಗ ಬೇಡ. ಹಿಂದಿನ ಕೂದಲನ್ನು ತೆಗೆದು ಮುಂದೆ ನೆಡುತ್ತಾರೆ. ಆ ಹಿಂದಿನ ದಾಸ್ತಾನು ಲೆಕ್ಕದ್ದು, ಮತ್ತೆ ತುಂಬುವುದಿಲ್ಲ. 23ಕ್ಕೆ ಹಣೆಗೆ ನೆಟ್ಟರೆ ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನದು ಉದುರುತ್ತಲೇ ಹೋಗುತ್ತದೆ. ಮೊದಲು ಒಂದು ವರ್ಷ ಔಷಧಿಯಲ್ಲಿ ಉದುರುವುದನ್ನು ನಿಲ್ಲಿಸು. ಮುಂದೆ ಮಾಡಿಸುವುದಾದರೂ ಮಾಡುವವರು ಯಾರು ಅಂತ ಕೇಳು. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಓದಿ ತರಬೇತಿ ಪಡೆದ ಡಾಕ್ಟರೇ ಇದನ್ನು ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಕಾನ್ಪುರದಲ್ಲಿ ನಾಟಿ ಮಾಡಿಸಿಕೊಂಡ ಯುವ ಎಂಜಿನಿಯರ್‌ಗಳು ತೀರಿಕೊಂಡ ಸುದ್ದಿ 2025ರಲ್ಲಿ ಬಂದಾಗ ನನಗೆ ಸಂಕಟವಾಯಿತು. ನಿನ್ನ ವಯಸ್ಸಿನವರು ಒಂದು ಮದುವೆಯ ಮುಹೂರ್ತಕ್ಕಾಗಿ ಅಂಥ ಅವಸರಕ್ಕೆ ಬೀಳಬಾರದು. ಹುಡುಗಿಯ ಮನೆಯವರ ಎದುರು ಈಗಿರುವ ತಲೆಯಲ್ಲೇ ಹೋಗಿ ಕೂರು, ತಮ್ಮಾ.

ಪ್ರಶ್ನೆ: ಮಗನಿಗೆ 9 ವರ್ಷ. ತಲೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇಲ್ಲ. ಹುಳ ತಿಂದಿದೆ ಅಂತಾರೆ. ಅತ್ತೆ ಬೆಳ್ಳುಳ್ಳಿ ಅರೆದು ಉಜ್ಜುತ್ತಿದ್ದಾರೆ, ಉರಿ ಅಂತ ಅಳುತ್ತಾನೆ. ಸ್ಕೂಲಿನಲ್ಲಿ ಬೇರೆ ಮಕ್ಕಳಿಗೆ ಅಂಟುತ್ತೆ ಅಂತ ದೂರ ಕೂರಿಸಿದ್ದಾರೆ.
(ಒಬ್ಬ ತಾಯಿ, ರಾಣೆಬೆನ್ನೂರು)

ಉತ್ತರ: ಬೆಳ್ಳುಳ್ಳಿ ಇವತ್ತೇ ನಿಲ್ಲಿಸಿ ಅಮ್ಮಾ. ಎಳೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಅತ್ತೆಯವರಿಗೆ ಪ್ರೀತಿಯಿಂದಲೇ ಹೇಳಿ, ಅವರೂ ಮೊಮ್ಮಗನ ಒಳ್ಳೆಯದಕ್ಕೇ ಮಾಡುತ್ತಿದ್ದಾರೆ.

ಆ ಜಾಗವನ್ನು ಬಿಸಿಲಲ್ಲಿ ನೋಡಿ. ಚರ್ಮ ನುಣ್ಣಗಿದ್ದು, ಹೊಟ್ಟು, ತುರಿಕೆ ಇಲ್ಲದಿದ್ದರೆ ಅದು ಅಲೋಪೀಸಿಯಾ ಏರಿಯೇಟಾ ಇರಬಹುದು. ಅಲ್ಲಿ ಯಾವ ಹುಳವೂ ಇಲ್ಲ. ಮೈಯ ರೋಗನಿರೋಧಕ ಶಕ್ತಿ ಕೂದಲಿನ ಬೇರನ್ನೇ ಶತ್ರು ಅಂದುಕೊಂಡು ಕಾಡುತ್ತದೆ. ಅದು ಯಾರಿಗೂ ಅಂಟುವುದಿಲ್ಲ. ಒಂದೆರಡು ಮಚ್ಚೆ ಮಾತ್ರ ಇದ್ದರೆ ಎಷ್ಟೋ ಮಕ್ಕಳಿಗೆ ವರ್ಷದೊಳಗೆ ತಾನೇ ಕೂದಲು ಬರುತ್ತದೆ. ಮೊದಲು ಬೆಳ್ಳಗೆ ಬರಬಹುದು, ಆಮೇಲೆ ಕಪ್ಪಾಗುತ್ತದೆ. ಬೇಗ ಬರಲಿ ಅಂತ ಸ್ಟಿರಾಯಿಡ್ ಲೋಷನ್ ಕೊಡುತ್ತೇವೆ. ಮಚ್ಚೆಗಳು ಹೆಚ್ಚಿದರೆ ಅಥವಾ ಹುಬ್ಬು ಉದುರಿದರೆ ತಡಮಾಡಬೇಡಿ.

ಹೊಟ್ಟು, ತುರಿಕೆ, ಮುರಿದ ಕೂದಲಿನ ಕಪ್ಪು ಚುಕ್ಕೆ ಕಂಡರೆ ಅದು ತಲೆಯ ಹುಳುಕಡ್ಡಿ. ಹೆಸರು ಹೀಗಿದ್ದರೂ ಇದೂ ಹುಳವಲ್ಲ, ಫಂಗಸ್ ಸೋಂಕು. ಇದು ಅಂಟುತ್ತದೆ. ಬಾಚಣಿಗೆ, ಟವೆಲ್, ಟೋಪಿ ಬೇರೆ ಇಡಿ. ಮುಲಾಮು ಮಾತ್ರ ಸಾಲುವುದಿಲ್ಲ, ಡಾಕ್ಟರು ಬರೆದ ಮಾತ್ರೆಯನ್ನು ಕೆಲವು ವಾರ ಪೂರ್ತಿ ಕೊಡಬೇಕು.

ಎರಡರಲ್ಲಿ ಯಾವುದು ಅಂತ ಡಾಕ್ಟರು ಒಂದು ಚೀಟಿ ಬರೆದುಕೊಡಲಿ. ಅಂಟುವುದಲ್ಲ ಅಂದರೆ ಆ ಚೀಟಿಯನ್ನು ಸ್ಕೂಲಿಗೆ ತೋರಿಸಿ. ಮಗು ತನ್ನ ಜಾಗದಲ್ಲಿ, ಗೆಳೆಯರ ಪಕ್ಕದಲ್ಲಿ ಕೂರಬೇಕು. ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ನಾನು ಶಿಕ್ಷಕಿ, 46 ವರ್ಷ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ. ಒಂದು ವರ್ಷದಿಂದ ಮುಟ್ಟು ಬಹಳ ಜಾಸ್ತಿ ಹೋಗುತ್ತದೆ, ಸುಸ್ತು. ಗೆಳತಿ ಹೇಳಿದಳು ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದೇನೆ. ಮುಂದುವರಿಸಲಾ?
(ಹೆಸರು ಬೇಡ, ತುಮಕೂರು)

ಉತ್ತರ: ಬಯೋಟಿನ್ ನಿಲ್ಲಿಸಿ ಮೇಡಂ. ಅದು ಬಿ ಗುಂಪಿನ ಒಂದು ವಿಟಮಿನ್. ನಮ್ಮಲ್ಲಿ ಸಾಮಾನ್ಯ ಊಟ ಮಾಡುವವರಿಗೆ ಅದರ ಕೊರತೆ ಬಹಳ ಅಪರೂಪ. ಜೊತೆಗೆ ಅದು ಥೈರಾಯಿಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪು ತೋರಿಸಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಮಾತ್ರೆ ಬಿಟ್ಟು ಕೆಲವು ದಿನ ಆದ ಮೇಲೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ), ಥೈರಾಯಿಡ್ ಮಾಡಿಸಿ. ಬಯೋಟಿನ್ ತೆಗೆದುಕೊಳ್ಳುತ್ತಿದ್ದೆ ಅಂತ ಲ್ಯಾಬಿನಲ್ಲಿ ಹೇಳಿ.

ನಿಮ್ಮಲ್ಲಿ ಎರಡು ಕಾರಣ ಕೂಡಿರಬಹುದು. ಬೈತಲೆ ಅಗಲವಾಗುವುದು ಹೆಂಗಸರಲ್ಲಿ ವಂಶದಿಂದ ಬರುವ ಉದುರುವಿಕೆಯ ಗುರುತು. ಅದಕ್ಕೆ ಹೆಂಗಸರೂ ಮಿನಾಕ್ಸಿಡಿಲ್ ಹಚ್ಚಬಹುದು, ಬಸುರಿಯರು ಮಾತ್ರ ಹಚ್ಚಬಾರದು. ಹಣೆ, ಕೆನ್ನೆಗೆ ಇಳಿದರೆ ಅಲ್ಲೂ ಕೂದಲು ಬರುವುದರಿಂದ ಮಲಗುವುದಕ್ಕೆ ಸಾಕಷ್ಟು ಮೊದಲೇ ಹಚ್ಚಿ, ಒಣಗಲು ಬಿಡಿ. ಇನ್ನೊಂದು, ಮುಟ್ಟಿನಲ್ಲಿ ಹೋಗುತ್ತಿರುವ ಕಬ್ಬಿಣದಂಶ. ಅದನ್ನು ತುಂಬದೆ ತಲೆಗೆ ಏನು ಹಚ್ಚಿದರೂ ಫಲ ಅರ್ಧ. ಕಬ್ಬಿಣದ ಮಾತ್ರೆ ಕೊಟ್ಟರೆ ಟೀ, ಕಾಫಿ ಜೊತೆ ನುಂಗಬೇಡಿ, ಅದು ಮೈಗೆ ಹತ್ತುವುದಿಲ್ಲ.

ಆದರೆ ನನ್ನಂಥ ಚರ್ಮದ ಡಾಕ್ಟರಿಗಿಂತ ಮೊದಲು ಸ್ತ್ರೀರೋಗ ತಜ್ಞರನ್ನು ನೋಡಿ. ಈ ವಯಸ್ಸಿಗೆ ಹೀಗೇ ಅಂತ ಯಾರೇ ಹೇಳಲಿ, ವರ್ಷಗಟ್ಟಲೆ ಇಷ್ಟು ರಕ್ತ ಹೋಗುವುದನ್ನು ಸಹಿಸಿಕೊಂಡು ಪಾಠ ಮಾಡುತ್ತಾ ನಿಲ್ಲಬೇಡಿ. ಸ್ಕ್ಯಾನ್ ಮಾಡಿಸಿ, ಕಾರಣ ತಿಳಿದುಕೊಳ್ಳಿ. ರಿಪೋರ್ಟು ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ. ಕಿಟಕಿಯ ಬೆಳಕಿನಲ್ಲಿ ತೆಗೆದ ಬೈತಲೆಯ ಒಂದು ಫೋಟೋ ಜೊತೆಗೆ ಇರಲಿ.