ವಚನ ಬಾಯಿಗೆ ಬರುತ್ತದೆ, ಬದುಕಿಗೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾನು ತುಂಬಾ ವರ್ಷಗಳಿಂದ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಕ್ಷಮೆಯ ಬಗ್ಗೆ ಯಾರು ಕೇಳಿದರೂ ಅಧ್ಯಾಯ, ವಚನ ಸಮೇತ ಹೇಳಬಲ್ಲೆ. ಆದರೆ ಆಸ್ತಿ ವಿಚಾರಕ್ಕೆ ಜಗಳವಾಗಿ ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ಮೊನ್ನೆ ನನ್ನ ಮಗಳು, "ಅಮ್ಮಾ, ನೀನು ಕ್ಲಾಸಲ್ಲಿ ಹೇಳೋದೇ ಬೇರೆ, ಮನೇಲಿ ಇರೋದೇ ಬೇರೆ ಅಲ್ವಾ?" ಅಂದಳು. ಉತ್ತರ ಕೊಡಲು ಆಗಲಿಲ್ಲ. ಸತ್ಯವೇದವನ್ನು ಇನ್ನೂ ಆಳವಾಗಿ ಅಧ್ಯಯನ ಮಾಡಿದರೆ ಇದು ಸರಿಹೋಗುತ್ತದೆಯೇ?

ಉತ್ತರ: ಸಹೋದರಿ, ನೇರವಾಗಿ ಹೇಳುತ್ತೇನೆ, ಸರಿಹೋಗುವುದಿಲ್ಲ. ಓದಬೇಡಿ ಅನ್ನುತ್ತಿಲ್ಲ, ಖಂಡಿತ ಓದಿ. ಆದರೆ ಕ್ಷಮೆಯ ವಿಷಯದಲ್ಲಿ ನೀವು ಹೊಸದಾಗಿ ಕಲಿಯಬೇಕಾದ್ದು ಸದ್ಯಕ್ಕೆ ಏನೂ ಇಲ್ಲ. ಬಾಕಿ ಇರುವುದು ಅಣ್ಣನಿಗೆ ಒಂದು ಫೋನ್ ಮಾಡುವುದು.

ಲೂಕನ ಸುವಾರ್ತೆ 10ನೇ ಅಧ್ಯಾಯದ ಧರ್ಮೋಪದೇಶಕನನ್ನು ನೆನಪಿಸಿಕೊಳ್ಳಿ. ನಿತ್ಯಜೀವ ಸಿಗಬೇಕಾದರೆ ಏನು ಮಾಡಬೇಕು ಅಂತ ಅವನು ಕೇಳುತ್ತಾನೆ. ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ ಅಂತ ಯೇಸುಸ್ವಾಮಿ ತಿರುಗಿ ಕೇಳಿದಾಗ, ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು, ನೆರೆಯವನನ್ನು ನಮ್ಮಂತೆಯೇ ಪ್ರೀತಿಸಬೇಕು ಅಂತ ಅವನೇ ಉತ್ತರ ಹೇಳುತ್ತಾನೆ. ಸ್ವಾಮಿ ಅದನ್ನು ತಿದ್ದಲಿಲ್ಲ, ವಿವರಿಸಲೂ ಇಲ್ಲ. ಸರಿಯಾಗಿ ಹೇಳಿದೆ, ಹಾಗೆಯೇ ಮಾಡು ಅಂದರು, ಅಷ್ಟೇ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಎದ್ದು ಹೋಗುವ ಬದಲು ಇನ್ನೊಂದು ಪ್ರಶ್ನೆ ತೆಗೆದ: ನನ್ನ ನೆರೆಯವನು ಯಾರು? ತನ್ನನ್ನು ಸಮರ್ಥಿಸಿಕೊಳ್ಳುವುದಕ್ಕೇ ಹಾಗೆ ಕೇಳಿದ ಅಂತ ಲೂಕ ಬರೆದಿದ್ದಾನೆ. ಒಳ್ಳೆಯ ಪ್ರಶ್ನೆಗಳು ಕೂಡ ತಪ್ಪಿಸಿಕೊಳ್ಳುವ ದಾರಿಯಾಗಬಹುದು, ಇದನ್ನು ಗಮನಿಸಿ. ಒಂದು ವಚನದ ಅರ್ಥ ಹೊಳೆದಾಗ ನಮಗೆ ಎಷ್ಟು ಸಂತೋಷವಾಗುತ್ತದೆಂದರೆ, ಅದನ್ನು ಪಾಲಿಸಿಯೇ ಬಿಟ್ಟೆವು ಅನ್ನುವ ಹಾಗೆ ಮನಸ್ಸು ಹಗುರವಾಗಿಬಿಡುತ್ತದೆ. ಪಾಠ ಹೇಳುವವರಿಗೂ ಪ್ರಸಂಗ ಮಾಡುವವರಿಗೂ ಈ ಅಪಾಯ ಉಳಿದವರಿಗಿಂತ ಜಾಸ್ತಿ.

ಭಕ್ತಿ ನಿಜವಾಗಿದ್ದೂ ಬದುಕಿನ ಒಂದು ಭಾಗವನ್ನು ಅದು ಮುಟ್ಟದೆ ಇರುವುದು ಸಾಧ್ಯ. ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಸಮುದ್ರದ ಬಿರುಗಾಳಿಯ ನಡುವೆ ದೇವರ ಕಡೆ ತಿರುಗಿದವರು. ಆಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನರಾಗಿದ್ದರು. ಮೇಲೆ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದರು, ಕೆಳಗೆ ಮನುಷ್ಯರು ಸಂಕೋಲೆಯಲ್ಲಿದ್ದರು. 1754ರಲ್ಲಿ ಕಾಯಿಲೆಯಿಂದ ಸಮುದ್ರಯಾನ ಬಿಟ್ಟರು, 1764ರಲ್ಲಿ ಪಾದ್ರಿಯಾದರು. ಆ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ ಬರೆದದ್ದು ಮಾತ್ರ 1788ರಲ್ಲಿ. ಅವರ ಪ್ರಾರ್ಥನೆ ಸುಳ್ಳಾಗಿತ್ತು ಅಂತ ನಾನು ಹೇಳಲಾರೆ. ನೆರೆಯವನನ್ನು ಪ್ರೀತಿಸು ಅನ್ನುವ ವಚನ ಅವರಿಗೆ ಗೊತ್ತಿರಲಿಲ್ಲವೆಂದೂ ಅಲ್ಲ. ಆ ವಚನವನ್ನು ಹಡಗಿನ ಕೆಳಗಿನವರೆಗೆ ಒಯ್ಯಲಿಲ್ಲ. ನಾವೂ ಹಾಗೆ ಎಲ್ಲಿಗೆ ಒಯ್ದಿಲ್ಲ ಅಂತ ಕೇಳಿಕೊಳ್ಳಬೇಕು.

ನಿಮ್ಮ ವಿಷಯಕ್ಕೆ ಬರೋಣ. ಮತ್ತಾಯ 5:23-24 ನಿಮಗೆ ಬಾಯಿಪಾಠವಿರುತ್ತದೆ. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಸಮಾಧಾನ ಮಾಡಿಕೋ ಅನ್ನುತ್ತದೆ. ಇಲ್ಲಿ ತಪ್ಪು ಯಾರದು ಅನ್ನುವ ವಿಚಾರಣೆಯೇ ಇಲ್ಲ. ನೆನಪಾದವರೇ ಮೊದಲು ಹೋಗಬೇಕು. ಮೊದಲ ಮಾತಿನಲ್ಲೇ ಆಸ್ತಿ ತೆಗೆಯಬೇಡಿ. "ಅಣ್ಣಾ, ನಿನ್ನ ಜೊತೆ ಮಾತು ಬಿಟ್ಟದ್ದು ತಪ್ಪಾಯಿತು" ಅನ್ನಿ, ಸಾಕು. ಲೆಕ್ಕದಲ್ಲಿ ಅನ್ಯಾಯ ಆಗಿದ್ದರೆ ಅದು ಅನ್ಯಾಯವೇ, ಕ್ಷಮಿಸಿದೆ ಅಂದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ, ಅದನ್ನು ಬೇರೆ ದಿನ ಹಿರಿಯರ ಮುಂದೆ ಕೂತು ಮಾತಾಡಬಹುದು. ನೀವು ಮಾತಾಡಿಸಿದಾಗ ಅಣ್ಣ ಫೋನ್ ಇಟ್ಟುಬಿಡಲೂಬಹುದು. ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದಿರಿ ಅಂತಲೇ ಪೌಲ ರೋಮಾಪುರದವರಿಗೆ ಬರೆದದ್ದು, ಅವರಿಂದಾಗಬೇಕಾದ್ದು ನಿಮ್ಮ ಕೈಯಲ್ಲಿಲ್ಲ. ಮಗಳಿಗೆ ಮಾತ್ರ "ನೀನು ಹೇಳಿದ್ದು ಸರಿ" ಅಂತ ಇವತ್ತೇ ಹೇಳಿ. ಅಷ್ಟು ಧೈರ್ಯ ಮಾಡಿ ನಿಮ್ಮನ್ನು ಕೇಳಿದ್ದಾಳೆ ಅಲ್ವಾ?

ಪ್ರಶ್ನೆ: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಹೀಗಿರುವಾಗ ಮಾಡು, ಮಾಡು ಅಂತ ಒತ್ತಿ ಹೇಳಿದರೆ ಮತ್ತೆ ಕ್ರಿಯೆಗಳಿಂದ ರಕ್ಷಣೆ ಅಂದ ಹಾಗಾಗುವುದಿಲ್ಲವೇ?

ಉತ್ತರ: ನಿಮ್ಮ ಎಚ್ಚರಿಕೆ ಸರಿಯಾದದ್ದೇ. ಆದರೆ ಎಫೆಸ ಪತ್ರಿಕೆ 2ನೇ ಅಧ್ಯಾಯದ 8, 9ನೇ ವಚನ ಹೇಳುವವರು ಬಹಳ ಸಲ 10ನೆಯದನ್ನು ಬಿಟ್ಟುಬಿಡುತ್ತಾರೆ. ಸತ್ಕ್ರಿಯೆಗಳಿಗಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟವರು ಅಂತ ಅದೇ ಉಸಿರಿನಲ್ಲಿ ಬರುತ್ತದೆ. ನಂಬಿಕೆಯಿಂದಲೇ ರಕ್ಷಣೆ ಅಂತ ಸಾರಿದ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್, ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅನ್ನುವ ಯಾಕೋಬನ ಪತ್ರಿಕೆಯನ್ನು 1522ರಲ್ಲಿ ಹುಲ್ಲಿನ ಪತ್ರಿಕೆ ಅಂತ ಕರೆದದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ ಅವರೇ, ನಂಬಿಕೆ ಜೀವಂತವಾದದ್ದು, ಸುಮ್ಮನೆ ಕೂರದೆ ಸದಾ ಒಳ್ಳೆಯದನ್ನು ಮಾಡುತ್ತಲೇ ಇರುವಂಥದ್ದು ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಲೂಕ 19ನೇ ಅಧ್ಯಾಯದ ಸುಂಕದವನಾದ ಜಕ್ಕಾಯನನ್ನೇ ನೋಡಿ. ಸ್ವಾಮಿ ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು, ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದದ್ದು ಆಮೇಲೆ. ಹಣ ಕೊಟ್ಟು ಅವರನ್ನು ಮನೆಗೆ ಕರೆಸಿಕೊಳ್ಳಲಿಲ್ಲ. ಅವರು ಬಂದ ಮೇಲೆ ಹಣ ಹಿಡಿದುಕೊಂಡು ಕೂರಲು ಅವನಿಂದ ಆಗಲಿಲ್ಲ.

ಪ್ರಶ್ನೆ: ಮನಸ್ಸಿನಲ್ಲಿ ಪ್ರೀತಿ ಇಲ್ಲದೆ ಒಬ್ಬರಿಗೆ ಸಹಾಯ ಮಾಡಿದರೆ ಕಪಟವಲ್ಲವೇ? ಪ್ರೀತಿ ಹುಟ್ಟುವ ತನಕ ಕಾಯುವುದು ಒಳ್ಳೆಯದಲ್ಲವೇ?

ಉತ್ತರ: ಕಾಯಬೇಡಿ. ಮತ್ತಾಯ 6ನೇ ಅಧ್ಯಾಯದಲ್ಲಿ ಸ್ವಾಮಿ ಕಪಟ ಅಂದದ್ದು ಜನರು ನೋಡಲಿ ಅಂತ ಮಾಡುವುದನ್ನು. ಮನಸ್ಸಿಲ್ಲದಿದ್ದರೂ, ಅವರು ಹೇಳಿದ್ದಾರೆ ಅನ್ನುವ ಒಂದೇ ಕಾರಣಕ್ಕೆ, ಯಾರಿಗೂ ಹೇಳದೆ ಮಾಡಿದರೆ ಅದು ವಿಧೇಯತೆ. ಹಸಿದವರಿಗೆ ಊಟ ಕೊಟ್ಟಿರಾ, ಕಾಯಿಲೆಯವರನ್ನು ನೋಡಲು ಹೋದಿರಾ ಅಂತ ಅದೇ ಸುವಾರ್ತೆಯ 25ನೇ ಅಧ್ಯಾಯದ ಕೊನೆಯ ತೀರ್ಪಿನಲ್ಲಿ ನೋಡುತ್ತಾರೆಯೇ ಹೊರತು ಆಗ ನಿಮಗೆ ಏನನ್ನಿಸಿತು ಅಂತ ಕೇಳುವುದಿಲ್ಲ. ನಿಮಗೆ ಇಷ್ಟವಾಗದ ಆ ಮನುಷ್ಯನಿಗೆ ಈಗ ಏನು ಬೇಕಾಗಿದೆ ಅಂತ ವಿಚಾರಿಸಿ, ಅದನ್ನು ಮಾಡಿ. ಪ್ರೀತಿಗಾಗಿ ಪ್ರಾರ್ಥನೆಯೂ ಜೊತೆಯಲ್ಲೇ ನಡೆಯಲಿ.