100ಕ್ಕೆ 90 ಗೆಲುವು, ಆದರೂ ಖಾತೆ ಖಾಲಿ!

ಪ್ರಶ್ನೆ: ಕರೆನ್ಸಿ ಟ್ರೇಡಿಂಗ್‌ಗೆ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅಂತ ಹೇಳುವ ಒಂದು ರೆಡಿಮೇಡ್ ಸಿಸ್ಟಮ್ ಕೊಳ್ಳಬೇಕು ಅಂತಿದ್ದೇನೆ. 100 ಟ್ರೇಡ್‌ಗಳಲ್ಲಿ 90 ಗೆಲ್ಲುತ್ತದಂತೆ. 3 ವರ್ಷದ ಬ್ಯಾಕ್‌ಟೆಸ್ಟ್ (ಹಳೇ ದರಗಳ ಮೇಲೆ ಸಿಸ್ಟಮ್ ಓಡಿಸಿ ನೋಡಿದ) ಗ್ರಾಫ್ ತೋರಿಸಿದರು, ಗೆರೆ ನೆಟ್ಟಗೆ ಮೇಲಕ್ಕೇ ಹೋಗಿದೆ. ನಿಜವಾದ ಹಣ ಹಾಕುವ ಮೊದಲು ಏನೇನು ನೋಡಬೇಕು?

ಉತ್ತರ: ಆ 90 ಹಾಗಿರಲಿ, ಉಳಿದ 10 ಟ್ರೇಡ್‌ಗಳಲ್ಲಿ ಎಷ್ಟು ಹೋಯಿತು ಅಂತ ಕೇಳಿ. 90 ಸಲ ತಲಾ 10 ಡಾಲರ್ ಬಂದರೆ 900. 10 ಸಲ ತಲಾ 100 ಹೋದರೆ 1,000. ಅಲ್ಲಿಗೆ 100 ಡಾಲರ್ ನಷ್ಟ. ಬರೀ 40 ಸಲ ಗೆಲ್ಲುವ ಇನ್ನೊಂದು ಸಿಸ್ಟಮ್ ಇದೆ ಅಂದುಕೊಳ್ಳಿ. ಗೆದ್ದಾಗ 30 ಬರುತ್ತದೆ, ಸೋತಾಗ 15 ಹೋಗುತ್ತದೆ. ಅದು 100 ಟ್ರೇಡ್‌ಗೆ 300 ಡಾಲರ್ ಉಳಿಸುತ್ತದೆ. ಆದರೆ 40 ಅಂತ ಹೇಳಿ ಮಾರೋದು ಕಷ್ಟ, ಅಲ್ವಾ?

ಗೆರೆ ಎಲ್ಲೂ ಬಾಗದೆ ಏರಿದ್ದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಅದು ಬ್ಯಾಲೆನ್ಸ್ ಗೆರೆಯೋ ಈಕ್ವಿಟಿ ಗೆರೆಯೋ ಕೇಳಿ. ಬ್ಯಾಲೆನ್ಸ್‌ನಲ್ಲಿ ಮುಗಿದ ಟ್ರೇಡ್ ಮಾತ್ರ ಲೆಕ್ಕಕ್ಕೆ ಬರುತ್ತದೆ, ಈಕ್ವಿಟಿಯಲ್ಲಿ ಇನ್ನೂ ಮುಚ್ಚದ ಟ್ರೇಡ್‌ಗಳ ಲಾಭ-ನಷ್ಟವೂ ಸೇರುತ್ತದೆ. ನಷ್ಟದಲ್ಲಿರುವುದನ್ನು ಮುಚ್ಚದೆ ವಾರಗಟ್ಟಲೆ ಇಟ್ಟುಕೊಂಡರೆ ಬ್ಯಾಲೆನ್ಸ್ ಗೆರೆಯಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಪ್ರತಿ ಟ್ರೇಡಿನ ಲಾಟ್ ಗಾತ್ರ, ಅಂದರೆ ಎಷ್ಟು ಕರೆನ್ಸಿಯ ವ್ಯವಹಾರ ಅನ್ನುವುದನ್ನು ನೋಡಿ. ಸೋತ ಕೂಡಲೇ ಅದು ದುಪ್ಪಟ್ಟಾಗುತ್ತಿದ್ದರೆ ಅದು ಮಾರ್ಟಿಂಗೇಲ್. 1, 2, 4, 8 ಅಂತ ಹೋಗಿ ಸತತ 10 ಸಲ ಸೋತರೆ ಕಳೆದದ್ದು 1,023. ಗೆಲ್ಲಲು ಹೊರಟದ್ದು ಬರೀ 1. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ಬ್ಯಾಕ್‌ಟೆಸ್ಟ್‌ನಲ್ಲಿ ಸ್ಪ್ರೆಡ್ (ಕೊಳ್ಳುವ, ಮಾರುವ ದರಗಳ ನಡುವಿನ ಅಂತರ), ಕಮಿಷನ್, ರಾತ್ರಿ ದಾಟಿದರೆ ಬೀಳುವ ಸ್ವಾಪ್ ಅನ್ನುವ ಬಡ್ಡಿ ಸೇರಿಸಿದ್ದಾರಾ? ಟ್ರೇಡಿಗೆ ಸರಾಸರಿ 3 ಪಿಪ್ (ದರ ಏರಿಳಿತ ಅಳೆಯುವ ಪುಟ್ಟ ಅಳತೆ) ಲಾಭ ಬಂದು, ಅದರಲ್ಲಿ 2 ಪಿಪ್ ಖರ್ಚಿಗೇ ಹೋದರೆ ಕೈಗೆ ಬರೋದು ಒಂದೇ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಳೇ ದರಗಳಿಗೆ ಹೊಂದುವ ತನಕ ಸೆಟ್ಟಿಂಗ್ ತಿರುವುತ್ತಾ ಹೋಗುವುದು. ಪ್ರಶ್ನೆಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ ಅದು. ಹಾಗಾಗಿ ಸಿಸ್ಟಮ್ ಮಾಡುವಾಗ ಬಳಸದೇ ಇದ್ದ ವರ್ಷಗಳ ಮೇಲೆ ಅದನ್ನು ಓಡಿಸಿ. ಸಿಸ್ಟಮ್ 20 ದಿನದ ದರಗಳ ಸರಾಸರಿ ಬಳಸುತ್ತಿದ್ದರೆ 18, 22 ಹಾಕಿ ನೋಡಿ. ಅಷ್ಟಕ್ಕೇ ಲಾಭ ಮಾಯವಾದರೆ ಮೊದಲು ಬಂದದ್ದು ಅದೃಷ್ಟ.

3 ವರ್ಷ ಕಡಿಮೆಯಾಯಿತು. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕಾದ ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗೆ ಇಳಿಯದಂತೆ ಹಿಡಿದಿಟ್ಟಿತ್ತು. ಆ 3 ವರ್ಷದ ಬ್ಯಾಕ್‌ಟೆಸ್ಟ್ ಎಷ್ಟು ಚೆನ್ನಾಗಿ ಬಂದಿರಬೇಕು ಯೋಚಿಸಿ. 2015ರ ಜನವರಿ 15ರಂದು ಬ್ಯಾಂಕು ದಿಢೀರಂತ ಕೈಬಿಟ್ಟಿತು. ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕ್‌ಗಿಂತಲೂ ಕೆಳಗೆ ಬಿತ್ತು. ನಷ್ಟ ಇಷ್ಟಾದರೆ ಮುಚ್ಚಿಬಿಡು ಅನ್ನುವ ಸ್ಟಾಪ್‌ಲಾಸ್ ಹಾಕಿದ್ದವರಿಗೂ ಹೇಳಿದ ದರ ಸಿಗಲಿಲ್ಲ. ಎಷ್ಟೋ ಜನ ಖಾತೆ ಖಾಲಿಯಾಗಿ ಬ್ರೋಕರ್‌ಗೇ ಸಾಲಗಾರರಾದರು.

ಇನ್ನು ಡ್ರಾಡೌನ್, ಅಂದರೆ ತುದಿಯಿಂದ ಖಾತೆ ಎಷ್ಟು ಕುಸಿಯಿತು ಅನ್ನುವುದು. ಶೇ 20 ಹೋದರೆ ಮೊದಲಿನ ಮಟ್ಟಕ್ಕೆ ಬರಲು ಶೇ 25 ಗಳಿಸಬೇಕು. ಶೇ 50 ಹೋದರೆ ಶೇ 100. ಟೆಸ್ಟ್‌ನಲ್ಲಿ ಕಂಡದ್ದರ ದುಪ್ಪಟ್ಟು ಕುಸಿತ ಬರಬಹುದು ಅಂತಲೇ ನಾನು ಲೆಕ್ಕ ಹಾಕೋದು.

ಪ್ರಶ್ನೆ: ಡೆಮೊ ಖಾತೆಯಲ್ಲಿ (ನಿಜವಾದ ಹಣವಿಲ್ಲದ ಅಭ್ಯಾಸದ ಖಾತೆ) 2 ತಿಂಗಳು ಲಾಭ ಬಂದಿದೆ. ಈಗ ಶುರು ಮಾಡಲಾ?

ಉತ್ತರ: 2 ತಿಂಗಳಲ್ಲಿ ಎಷ್ಟು ಟ್ರೇಡ್? 15 ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಕನಿಷ್ಠ 100 ಆಗಲಿ. ಡೆಮೊದಲ್ಲಿ ಬೇಕಾದ ದರ ಸಲೀಸಾಗಿ ಸಿಗುತ್ತದೆ, ಸೋತರೆ ನಿದ್ದೆಯೂ ಕೆಡುವುದಿಲ್ಲ. ಯುರೋಪಿನ ನಿಯಂತ್ರಣ ಸಂಸ್ಥೆ ಎಸ್ಮಾ 2018ರಲ್ಲಿ ಹೇಳಿದ ಪ್ರಕಾರ, ಸಿಎಫ್‌ಡಿ (ವಸ್ತು ಕೊಳ್ಳದೆ ಬರೀ ದರದ ಏರಿಳಿತದ ಮೇಲೆ ಮಾಡುವ) ವ್ಯವಹಾರದಲ್ಲಿ ಶೇ 74ರಿಂದ 89ರಷ್ಟು ಸಣ್ಣ ಹೂಡಿಕೆದಾರರ ಖಾತೆಗಳು ನಷ್ಟದಲ್ಲಿದ್ದವು. ಅವರಲ್ಲೂ ಬಹಳ ಜನ ಡೆಮೊದಲ್ಲಿ ಗೆದ್ದಿದ್ದವರೇ ಇರಬೇಕು.

ಶುರು ಮಾಡಲೇಬೇಕು ಅಂದರೆ ಮೈಕ್ರೋ ಲಾಟ್‌ನಲ್ಲಿ, ಅಂದರೆ ತೀರಾ ಸಣ್ಣ ಗಾತ್ರದಲ್ಲಿ ಮಾಡಿ. ಯೂರೋ-ಡಾಲರ್‌ನಲ್ಲಿ ಒಂದು ಪಿಪ್‌ಗೆ 10 ಸೆಂಟ್ ಅಷ್ಟೇ. ಸಿಸ್ಟಮ್ ಹೇಳಿದ ದರ, ನಿಮಗೆ ಸಿಕ್ಕ ದರ ಎರಡನ್ನೂ ಬರೆದಿಡಿ. ಬ್ರೋಕರ್‌ಗೆ ಲೈಸೆನ್ಸ್ ಇದೆಯಾ ಅಂತ ನಿಯಂತ್ರಕರ ಪಟ್ಟಿಯಲ್ಲೇ ನೋಡಿ. ಹಾಕಿದ ಹಣದಲ್ಲಿ ಸ್ವಲ್ಪವನ್ನು ಮೊದಲ ವಾರವೇ ವಾಪಸ್ ತೆಗೆಯಿರಿ. ಅದಕ್ಕೆ ಸಬೂಬು ಹೇಳಿದರೆ ಮುಂದೆ ಒಂದು ಟ್ರೇಡೂ ಬೇಡ.