ಓದುಗರ ಪ್ರಶ್ನೆ: ರೆನಾಮೊವನ್ನು ಸಾಕಿದವರು ಯಾರು?

ಪ್ರಶ್ನೆ: ಮೊಜಾಂಬಿಕ್‌ನ ಬಂಡುಕೋರ ಸಂಘಟನೆ ರೆನಾಮೊಗೆ ನೆರವು ನಿಲ್ಲಿಸುವುದಾಗಿ ದಕ್ಷಿಣ ಆಫ್ರಿಕಾ 1984ರಲ್ಲೇ ಸಹಿ ಹಾಕಿತ್ತಲ್ಲ? ಮತ್ತೆ ಎಂಟು ವರ್ಷ ಯುದ್ಧ ನಡೆದದ್ದು ಹೇಗೆ?
– ಓದುಗರೊಬ್ಬರು, ಮದ್ದೂರು

ಉತ್ತರ: ಸಹಿ ಬಿತ್ತು, ನೆರವು ನಿಲ್ಲಲಿಲ್ಲ. 1984ರ ಮಾರ್ಚ್ 16ರಂದು ಮೊಜಾಂಬಿಕ್ ಅಧ್ಯಕ್ಷ ಸಮೊರಾ ಮಾಶೆಲ್ ಮತ್ತು ದಕ್ಷಿಣ ಆಫ್ರಿಕಾದ ಪ್ರಧಾನಿ ಪಿ.ಡಬ್ಲ್ಯೂ. ಬೋಥಾ ಎನ್‌ಕೊಮಾಟಿ ಒಪ್ಪಂದ ಮಾಡಿಕೊಳ್ಳುವ ಮೊದಲೇ ಶಸ್ತ್ರಾಸ್ತ್ರ ರಾಶಿ ರಾಶಿಯಾಗಿ ಗಡಿ ದಾಟಿತ್ತು. 1985ರ ಆಗಸ್ಟ್‌ನಲ್ಲಿ ಮೊಜಾಂಬಿಕ್ ನಡುಭಾಗದ ಗೊರೊಂಗೊಸಾ ಸೀಮೆಯಲ್ಲಿದ್ದ ರೆನಾಮೊದ ಕಾಸಾ ಬನಾನಾ ಶಿಬಿರವನ್ನು, ಮೊಜಾಂಬಿಕ್ ಸರ್ಕಾರದ ನೆರವಿಗೆ ಬಂದಿದ್ದ ಜಿಂಬಾಬ್ವೆ ಸೈನಿಕರು ಹಿಡಿದಾಗ ದಿನಚರಿ ಪುಸ್ತಕಗಳು ಸಿಕ್ಕವು. ಒಪ್ಪಂದದ ನಂತರವೂ ಸರಬರಾಜು, ರೇಡಿಯೊ ಸಂಪರ್ಕ ಎರಡೂ ಮುಂದುವರಿದದ್ದು ಅದರಲ್ಲೇ ಬರೆದಿತ್ತು. ಪ್ರಿಟೋರಿಯಾ, ಅಂದರೆ ದಕ್ಷಿಣ ಆಫ್ರಿಕಾ ಸರ್ಕಾರ, ಇದನ್ನು ‘ತಾಂತ್ರಿಕ ಉಲ್ಲಂಘನೆ’ ಎಂದಿತು. ತಾಂತ್ರಿಕವಂತೆ!

ರೆನಾಮೊವನ್ನು ಹುಟ್ಟಿಸಿದ್ದೇನೋ ಬೇರೆಯವರೇ. ತನ್ನ ವಿರುದ್ಧ ಹೋರಾಡುತ್ತಿದ್ದವರಿಗೆ ಮೊಜಾಂಬಿಕ್ ನೆಲೆ ಕೊಟ್ಟಿತೆಂದು ರೊಡೇಶಿಯಾದ (ಬಿಳಿಯರ ಆಳ್ವಿಕೆಯಲ್ಲಿದ್ದ ಇಂದಿನ ಜಿಂಬಾಬ್ವೆ) ಗುಪ್ತಚರ ಸಂಸ್ಥೆ 1970ರ ದಶಕದ ಮಧ್ಯಭಾಗದಲ್ಲಿ ಇದನ್ನು ಕಟ್ಟಿತು. ಮೊದಲ ನಾಯಕ ಆಂದ್ರೆ ಮಾತ್ಸಾಂಗೈಸಾ 1979ರಲ್ಲಿ ಸತ್ತ. ಅಫೊನ್ಸೊ ಡ್ಲಾಕಾಮಾ ಬಂದ. 1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ದಕ್ಷಿಣ ಆಫ್ರಿಕಾದ ಮಿಲಿಟರಿ ಗುಪ್ತಚರ ವಿಭಾಗ ಇಡೀ ಗುಂಪನ್ನು ತನ್ನ ದೇಶದ ಫಲಾಬೊರ್ವಾ ಸೇನಾ ನೆಲೆಗೆ ಎತ್ತಿಕೊಂಡು ಹೋಯಿತು.

ಆದರೆ ವಿಮಾನದಿಂದ ಬೀಳಿಸಿದ ಗುಂಡಿನಿಂದ ಊಟ ಆಗುವುದಿಲ್ಲ. ಅನ್ನ, ಹೊರೆಯಾಳು, ಹೊಸ ಸೈನಿಕ, ಎಲ್ಲವೂ ಹಳ್ಳಿಯಿಂದಲೇ ಬರಬೇಕಿತ್ತು, ಬಹುಪಾಲು ಬಲವಂತದಿಂದ, ಮಕ್ಕಳನ್ನೂ ಬಿಡಲಿಲ್ಲ. ದೂರದ ಬಯಲಲ್ಲಿ ದವಸ ವಸೂಲಿ, ಶಿಬಿರದ ಸುತ್ತ ಬಿಟ್ಟಿ ದುಡಿಮೆ, ಸರ್ಕಾರದ ಹಿಡಿತದ ಊರುಗಳಲ್ಲಿ ಸುಟ್ಟು ಹಾಕುವುದು: ಒಂದೊಂದು ಕಡೆ ಒಂದೊಂದು ರೀತಿ. ನಿರಾಶ್ರಿತರನ್ನು ಮಾತಾಡಿಸಿ 1988ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ತಯಾರಿಸಿದ ಗೆರ್ಸೊನಿ ವರದಿ, ರೆನಾಮೊ ಕೊಂದ ನಾಗರಿಕರ ಸಂಖ್ಯೆಯನ್ನು ಸುಮಾರು 1,00,000 ಎಂದು ಅಂದಾಜಿಸಿತು.

ಮೊಜಾಂಬಿಕ್ ಆಳುವ ಪಕ್ಷ ಫ್ರೆಲಿಮೊ ಕೂಡ ರೆನಾಮೊದ ಕೆಲಸ ಸುಲಭ ಮಾಡಿಕೊಟ್ಟಿತು. ರೈತರನ್ನು ಸಾಮುದಾಯಿಕ ಹಳ್ಳಿಗಳಿಗೆ ಒಟ್ಟುಹಾಕಿತು, ಊರ ಮುಖ್ಯಸ್ಥರನ್ನು ಮೂಲೆಗುಂಪು ಮಾಡಿತು. ಆ ಸಿಟ್ಟಿದ್ದ ಕಡೆ ರೆನಾಮೊಗೆ ನೆಲೆ ಸಿಕ್ಕಿತು. ವಿದೇಶಿ ಕೈವಾಡವೊಂದೇ ಕಾರಣ ಎನ್ನುವವರು ಇದನ್ನು ನೋಡುವುದಿಲ್ಲ. ಇದು ರೈತರ ದಂಗೆ ಎನ್ನುವವರು ಫಲಾಬೊರ್ವಾವನ್ನು ಮರೆಯುತ್ತಾರೆ.

ಇನ್ನು ಯುದ್ಧದ ಗುರಿ ಊರು ಗೆಲ್ಲುವುದಲ್ಲ, ದಾರಿ ಕಡಿಯುವುದು. ಮೊಜಾಂಬಿಕ್ ಕರಾವಳಿಯ ಬೈರಾ ಬಂದರಿನಿಂದ ಜಿಂಬಾಬ್ವೆ ಗಡಿಯವರೆಗಿನ ರೈಲು ಮತ್ತು ತೈಲ ಕೊಳವೆ ಮಾರ್ಗ, ಹೆಚ್ಚು ಕಡಿಮೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರುವಷ್ಟು ಉದ್ದ. ಅಷ್ಟಕ್ಕೂ ಕಾವಲು ಬೇಕು, ಒಡೆಯಲು ಒಂದು ಸಣ್ಣ ತಂಡ ಸಾಕು. ಆ ಮಾರ್ಗ ನಿಂತರೆ ಜಿಂಬಾಬ್ವೆಯ ಸರಕು ದಕ್ಷಿಣ ಆಫ್ರಿಕಾದ ಬಂದರುಗಳಿಗೇ ಹೋಗಬೇಕು. ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಅಂಗೋಲಾದಲ್ಲಿ ಚುನಾವಣೆಯಾದ ಕೂಡಲೇ ಮತ್ತೆ ಯುದ್ಧ ಶುರುವಾಯಿತು. ಇಲ್ಲಿ ಯಾಕೆ ಆಗಲಿಲ್ಲ?
– ಕುವೆಂಪುನಗರ, ಮೈಸೂರು

ಉತ್ತರ: ಕ್ರಮದ ವ್ಯತ್ಯಾಸ. ಅಂಗೋಲಾದಲ್ಲಿ 1992ರ ಸೆಪ್ಟೆಂಬರ್‌ನಲ್ಲಿ ಮತ ಬಿದ್ದಾಗ ಅಲ್ಲಿನ ಬಂಡುಕೋರ ಸಂಘಟನೆ ಯುನಿಟಾದ ಸೇನೆ ಇನ್ನೂ ಅದರ ಕೈಯಲ್ಲೇ ಇತ್ತು. ಮೊಜಾಂಬಿಕ್‌ನಲ್ಲಿ 1992ರ ಅಕ್ಟೋಬರ್ 4ರ ರೋಮ್ ಒಪ್ಪಂದದ ನಂತರ ವಿಶ್ವಸಂಸ್ಥೆ ಮೊದಲು ಎರಡೂ ಕಡೆಯ ಸೈನಿಕರನ್ನು ಶಿಬಿರಗಳಿಗೆ ಸೇರಿಸಿ ಸೈನ್ಯದ ಕೆಲಸದಿಂದ ಬಿಡುಗಡೆ ಮಾಡಿಸಿತು. ಚುನಾವಣೆ 1994ರ ಅಕ್ಟೋಬರ್‌ಗೆ ಹೋಯಿತು. ರೆನಾಮೊಗೆ ಪಕ್ಷ ಕಟ್ಟಲು ಹಣವೂ ಸಿಕ್ಕಿತು. ಸೋತರೂ 250ರಲ್ಲಿ 112 ಸ್ಥಾನ ಬಂದವು. ಆದರೂ ಎಲ್ಲ ಬಂದೂಕು ಹೊರಬರಲಿಲ್ಲ. 2013ರಲ್ಲಿ ಮತ್ತೆ ಗುಂಡು ಹಾರಿತು, ಇನ್ನೊಂದು ಶಾಂತಿ ಒಪ್ಪಂದಕ್ಕೆ 2019ರ ಆಗಸ್ಟ್‌ವರೆಗೆ ಕಾಯಬೇಕಾಯಿತು.